ಮಯೂರಖಂಡಿಯಿಂದ ಕಲ್ಯಾಣದವರೆಗೆ: ಕರ್ಣಾಟಕ ಚಕ್ರವರ್ತಿಗಳ ಪರರಾಷ್ಟ್ರನೀತಿಯಲ್ಲಿ ಜನಾನುರಾಗ

೧

ಬೀದರ ಜಿಲ್ಲೆಯ ಬಸವಕಲ್ಯಾಣ ತಾಲ್ಲೂಕಿನಲ್ಲಿ ಮೋರಖಂಡಿಯೆಂಬ ಗ್ರಾಮವೊಂದಿರುವುದು. ರಾಷ್ಟ್ರಕೂಟ ಚಕ್ರವರ್ತಿಯಾದ ಮೂರನೆಯ ಗೋವಿಂದನು (ಕ್ರಿ. ಶ. ೭೯೩-೮೧೪) ವಣಿ ಮತ್ತು ರಾಧನಪುರದ ತಾಮ್ರಶಾಸನಗಳನ್ನು ಹೊರಡಿಸಿದಾಗ ಮಯೂರಖಂಡಿಯಲ್ಲಿದ್ದನೆಂದು ಆ ಶಾಸನಗಳಿಂದಲೇ ತಿಳಿದುಬರುತ್ತದೆ. ಎರಡೂ ಕ್ರಿ. ಶ. ೮೦೭-೮೦೮ರ ಸುಮಾರಿನವು. ಈ ಮಯೂರಖಂಡಿಯು ಯಾವುದೆಂಬ ವಿಷಯದಲ್ಲಿ ವಿದ್ವಾಂಸರೊಳಗೆ ಐಕಮತ್ಯವಿಲ್ಲ. ನಾಸಿಕ ಜಿಲ್ಲೆಯ ಒಂದು ಗಿರಿದುರ್ಗವೇ ಅದೆಂದು ಕೆಲವರು ಹೇಳಿದರು. ಕಲ್ಯಾಣದ ಬಳಿಯ ಮೋರಖಂಡಿಯೇ ಅದೆಂದು ಮತ್ತೆ ಕೆಲವರು ಹೇಳಿದರು. ಮೊದಲನೆಯ ಪಕ್ಷಕ್ಕೆ ವಣಿಯ ಸಾಮೀಪ್ಯವು ಬಲವನ್ನು ಕೊಡುವುದು. ಎರಡನೆಯದಕ್ಕೆ ಹೆಸರಿನ ಸಾಮ್ಯವೂ ಮುಂದೆ ರಾಷ್ಟ್ರಕೂಟರ ರಾಜಧಾನಿಯಾದ ಮಾನ್ಯಖೇಟದ ಸೀಮೆಯ ಸಾಮೀಪ್ಯವೂ ಆಧಾರಗಳಾಗಿವೆ. ಈ ವಾದವನ್ನು ಇಲ್ಲಿ ತೀರ್ಮಾನಿಸಬೇಕಾದುದಿಲ್ಲ. ಆದರೆ ಮೋರಖಂಡಿಯ ಸ್ಥಾನವು ಗಮನಾರ್ಹವಾಗಿದೆ. ಅದರ ದಕ್ಷಿಣಕ್ಕೆ ಮಾನ್ಯಖೇಟವಿರುವುದು. ಅದರ ಬಳಿಯಲ್ಲಿಯೇ ಚಾಲುಕ್ಯರ ಕಲ್ಯಾಣವಿರುವುದು. ಕರ್ಣಾಟಕದ ಎರಡು ಮಹಾರಾಜ್ಯಗಳು ಹೊರಗಿನ ಲೋಕದೊಡನೆ ನಡೆಸಿದ ವ್ಯವಹಾರಕ್ಕೆ ಈ ಸಣ್ಣ ಪ್ರದೇಶವೇ ಕೇಂದ್ರವಾಗಿದ್ದಿತು.

ಆ ವ್ಯವಹಾರದಲ್ಲಿ ಯುದ್ಧ, ಸಂಧಿ, ವಿವಾಹಸಂಬಂಧ ಮೊದಲಾದುವನ್ನು ಚರಿತ್ರಕಾರರು ವಿಸ್ತಾರವಾಗಿ ವಿಚಾರಿಸಿರುವರು. ಅಷ್ಟಾಗಿ ವಿಚಾರಿಸದೆ ಉಳಿದ ಅಂಗವೊಂದುಂಟು. ಪರದೇಶದ ಅರಸನನ್ನು ಮಾತ್ರವಲ್ಲದೆ ಅಲ್ಲಿಯ ಜನರನ್ನು, ಅಂದರೆ ವರ್ತಕರನ್ನು, ಪಂಡಿತರನ್ನು, ಕವಿಗಳನ್ನು, ಯಾತ್ರಿಕರನ್ನು ಒಲಿಸಿಕೊಂಡು, ಅವರ ಸದಭಿಪ್ರಾಯವನ್ನು ರಾಜ್ಯದ ಬಲವನ್ನಾಗಿ ಮಾಡಿಕೊಳ್ಳುವುದೇ ಆ ಅಂಗವು. ಇಂದಿನ ರಾಜನೀತಿಶಾಸ್ತ್ರದಲ್ಲಿ ಇದನ್ನು ಸಾರ್ವಜನಿಕ ರಾಜತಂತ್ರವೆಂದು ಕರೆಯುವರು. ೧೯೬೫ರಲ್ಲಿ ಅಮೆರಿಕೆಯ ಟಫ್ಟ್ಸ್ ವಿಶ್ವವಿದ್ಯಾನಿಲಯದ ಎಡ್ಮಂಡ್ ಗಲಿಯನ್ ಎಂಬಾತನು ಇಂಗ್ಲಿಷಿನ ಮೂಲಪದವನ್ನು ಈ ಅರ್ಥದಲ್ಲಿ ರೂಢಿಗೆ ತಂದನು. ಹೆಸರು ಹೊಸದು, ಹೆಸರು ಸೂಚಿಸುವ ಕಾರ್ಯವು ಹೊಸದಲ್ಲ. ಕರ್ಣಾಟಕದ ಚಕ್ರವರ್ತಿಗಳು ಈ ಕಾರ್ಯವನ್ನು ಯಾವ ಯಾವ ಬಗೆಯಲ್ಲಿ ನಡೆಸಿದರು, ಅವುಗಳಲ್ಲಿ ಯಾವುದು ಫಲಿಸಿತು, ಯಾವುದು ಹುಸಿಯಾಯಿತು ಎಂಬುದೇ ಇಲ್ಲಿಯ ವಿಚಾರ.

ಇಂಥ ವಿಚಾರದಲ್ಲಿ ಸಾಕ್ಷ್ಯದ ವಿಷಯವಾಗಿ ಎಚ್ಚರಿಕೆಯು ಅವಶ್ಯಕ. ಶಾಸನಗಳ ಪ್ರಶಸ್ತಿಭಾಗವು ಅರಸನು ತನ್ನನ್ನು ತಾನೇ ಹೊಗಳಿಸಿಕೊಂಡ ಮಾತು. ಸಮಸ್ತ ಭುವನವೂ ತನ್ನನ್ನು ಆಶ್ರಯಿಸಿತೆಂದು ಅವನ ಆಸ್ಥಾನಕವಿಯು ಬರೆದರೆ, ಭುವನವು ನಿಜವಾಗಿ ಏನನ್ನು ಎಣಿಸಿತೆಂಬುದು ಅದರಿಂದ ತಿಳಿಯುವುದಿಲ್ಲ. ಅದನ್ನು ತಿಳಿಯಲು ಹೊರಗಿನವರ ಬಾಯಿಂದಲೇ ಕೇಳಬೇಕು. ಅದೃಷ್ಟವಶಾತ್ ಮಾನ್ಯಖೇಟದ ವಿಷಯದಲ್ಲಿ ಅರಬ್ಬೀ ಭಾಷೆಯ ಲೇಖಕರೂ ಕಲ್ಯಾಣದ ವಿಷಯದಲ್ಲಿ ಕಾಶ್ಮೀರದ ಕಲ್ಹಣನೂ ಈ ಸಾಕ್ಷ್ಯವನ್ನು ಉಳಿಸಿ ಹೋಗಿರುವರು.

೨

ಪ್ರಾಚೀನ ನೀತಿಶಾಸ್ತ್ರದಲ್ಲಿ ಪರರಾಷ್ಟ್ರ ವ್ಯವಹಾರವು ಬಹುಮಟ್ಟಿಗೆ ಅರಸನಿಂದ ಅರಸನಿಗೆ ನಡೆಯುವ ವ್ಯವಹಾರವಾಗಿದೆ. ಮೈಸೂರಿನಲ್ಲಿ ಆರ್. ಶಾಮಶಾಸ್ತ್ರಿಗಳು ೧೯೦೯ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ದೂತನ ಲಕ್ಷಣಗಳೂ ಷಾಡ್ಗುಣ್ಯವೂ ಸವಿಸ್ತಾರವಾಗಿ ನಿರೂಪಿತವಾಗಿವೆ. ಗೆದ್ದ ದೇಶವನ್ನು ಶಾಂತಗೊಳಿಸುವ ಪ್ರಕರಣದಲ್ಲಿ ಮಾತ್ರ ಅವನ ದೃಷ್ಟಿಯು ಜನರ ಕಡೆಗೆ ತಿರುಗುತ್ತದೆ. ಗೆದ್ದವನು ಆ ಜನರ ವೇಷ, ಭಾಷೆ, ಆಚಾರಗಳನ್ನು ಅನುಸರಿಸಿ, ಅವರ ದೇವತೆಗಳನ್ನೂ ಉತ್ಸವಗಳನ್ನೂ ಗೌರವಿಸಬೇಕೆಂಬುದು ಅವನ ಉಪದೇಶ. ಆದರೆ ಇದು ಗೆದ್ದ ಮೇಲಿನ ಮಾತು. ಗೆಲ್ಲದ ದೇಶದ ಜನರನ್ನು ಕುರಿತದ್ದಲ್ಲ.

ಕರ್ಣಾಟಕದಲ್ಲಿಯೂ ದೂತವ್ಯವಹಾರವು ಹಳೆಯದೇ. ಬಾದಾಮಿಯ ಇಮ್ಮಡಿ ಪುಲಕೇಶಿಯು ಪಾರಸಿಕದ ಇಮ್ಮಡಿ ಖುಸ್ರುವಿಗೂ ಅವನ ಮಕ್ಕಳಿಗೂ ಕಾಣಿಕೆಗಳನ್ನೂ ಪತ್ರಗಳನ್ನೂ ಕಳುಹಿಸಿದನೆಂದು ತಬರಿಯ ಚರಿತ್ರೆಯಿಂದ ಊಹಿಸಲಾಗಿದೆ. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಈ ಕಾರ್ಯಕ್ಕೆ ಸಂಧಿವಿಗ್ರಹಿಯೆಂಬ ಅಧಿಕಾರಿಯು ಇದ್ದನು. ಕನ್ನಡ ಸಂಧಿವಿಗ್ರಹಿ, ಲಾಳ ಸಂಧಿವಿಗ್ರಹಿ ಎಂಬ ಪದವಿಗಳು ಶಾಸನಗಳಲ್ಲಿ ಕಂಡುಬರುವುದರಿಂದ, ದೇಶಕ್ಕೆ ತಕ್ಕಂತೆ ಈ ಕೆಲಸವು ಹಂಚಿಹೋಗಿದ್ದಿತೆಂದು ತಿಳಿಯಬಹುದು. ಮೂರನೆಯ ಸೋಮೇಶ್ವರನು (೧೧೨೬-೧೧೩೮) ತನ್ನ ಮಾನಸೋಲ್ಲಾಸದಲ್ಲಿ ಈ ಅಧಿಕಾರಿಗೆ ಅನೇಕ ಭಾಷೆಗಳ ಮತ್ತು ಲಿಪಿಗಳ ಪರಿಚಯವಿರಬೇಕೆಂದು ವಿಧಿಸಿರುವನು.

ಇಂಥ ವ್ಯವಹಾರವು ಎಷ್ಟು ಸೂಕ್ಷ್ಮವೂ ಅಪಾಯಕರವೂ ಆಗಿದ್ದಿತೆಂಬುದಕ್ಕೆ ಸಿಂಹಳದ ಚೂಳವಂಸವು ಒಂದು ನಿದರ್ಶನವನ್ನು ಕೊಡುತ್ತದೆ. ಒಂದನೆಯ ವಿಜಯಬಾಹುವಿನ ಬಳಿಗೆ ಕರ್ಣಾಟ ಮತ್ತು ಚೋಳ ದೇಶಗಳ ದೂತರು ಕಾಣಿಕೆಗಳೊಡನೆ ಬಂದರು. ಸಿಂಹಳರಾಜನು ಕರ್ಣಾಟದ ದೂತರನ್ನು ಮೊದಲು ಸತ್ಕರಿಸಿ, ಅವರೊಡನೆ ತನ್ನವರನ್ನೂ ಕಳುಹಿಸಿದನು. ಆ ಸಿಂಹಳದೂತರು ಚೋಳದೇಶವನ್ನು ಹೊಕ್ಕಾಗ ಅಲ್ಲಿಯವರು ಅವರ ಕಿವಿಮೂಗುಗಳನ್ನು ಕತ್ತರಿಸಿದರು. ಎರಡು ಆಸ್ಥಾನಗಳ ಸ್ನೇಹವು ಮಧ್ಯದಲ್ಲಿರುವ ಮೂರನೆಯವನ ಕೋಪಕ್ಕೆ ಹೀಗೆ ಸುಲಭವಾಗಿ ಬಲಿಯಾಗುವುದು. ಜನರೊಳಗೆ ಬೇರೂರಿದ ಸ್ನೇಹಕ್ಕೆ ಇದಕ್ಕಿಂತ ಹೆಚ್ಚಿನ ಬಾಳಿಕೆಯಿದ್ದಿತೇ ಎಂಬುದನ್ನು ಪಶ್ಚಿಮ ಸಮುದ್ರತೀರದ ಚರಿತ್ರೆಯಲ್ಲಿ ನೋಡಬೇಕು.

೩

ಅರಬ್ಬರನ್ನು ಶಾಸನಗಳು ತಾಜಿಕರೆಂದು ಕರೆದಿವೆ. ದಕ್ಖಣದವರಿಗೆ ಅವರೊಡನೆ ಉಂಟಾದ ಮೊದಲ ದೊಡ್ಡ ಸಂಬಂಧವು ಯುದ್ಧದ್ದೇ. ಸಿಂಧುದೇಶವನ್ನು ವಶಪಡಿಸಿಕೊಂಡ ತಾಜಿಕಸೈನ್ಯವು ದಕ್ಷಿಣಾಭಿಮುಖವಾಗಿ ನುಗ್ಗಿ ನವಸಾರಿಯವರೆಗೆ ಬಂದಾಗ, ಲಾಟದ ಚಾಲುಕ್ಯನಾದ ಅವನಿಜನಾಶ್ರಯ ಪುಲಕೇಶಿಯು ಅದನ್ನು ಸೋಲಿಸಿ ಹಿಮ್ಮೆಟ್ಟಿಸಿದನು. ಕ್ರಿ. ಶ. ೭೩೯ರ ನವಸಾರಿಯ ತಾಮ್ರಶಾಸನವು ಈ ಯುದ್ಧವನ್ನು ವರ್ಣಿಸುವುದಲ್ಲದೆ, ಸಂತುಷ್ಟನಾದ ವಲ್ಲಭನರೇಂದ್ರನು ಅವನಿಗೆ ದಕ್ಷಿಣಾಪಥದ ಆಧಾರಸ್ತಂಭವೆಂಬರ್ಥದ ಬಿರುದನ್ನು ಕೊಟ್ಟನೆಂದೂ ತಿಳಿಸುತ್ತದೆ. ಆದುದರಿಂದ ಮುಂದಿನ ರಾಷ್ಟ್ರಕೂಟರ ಸ್ನೇಹನೀತಿಯನ್ನು ಅಶಕ್ತಿಯ ಫಲವೆಂದಾಗಲಿ, ತಾಜಿಕರ ಬಲವನ್ನರಿಯದ ಮೌಢ್ಯವೆಂದಾಗಲಿ ಹೇಳಲಾಗದು. ದಂಡೆತ್ತಿ ಬಂದ ತಾಜಿಕನೇ ಬೇರೆ, ಹಡಗಿನಲ್ಲಿ ಸರಕನ್ನು ತಂದ ತಾಜಿಕನೇ ಬೇರೆ ಎಂಬ ವಿವೇಕವು ಆ ನೀತಿಯ ಮೂಲದಲ್ಲಿತ್ತು.

ಈ ವಿವೇಕದ ಫಲವು ಸುಲೈಮಾನನೆಂಬ ವರ್ತಕನ ಹೆಸರಿನಿಂದ ಪ್ರಸಿದ್ಧವಾದ, ಕ್ರಿ. ಶ. ೮೫೧ರ ಅರಬ್ಬೀ ವೃತ್ತಾಂತದಲ್ಲಿ ಕಂಡುಬರುತ್ತದೆ. ಲೋಕದ ಮಹಾರಾಜರು ನಾಲ್ವರು. ಬಾಗ್ದಾದಿನ ಖಲೀಫನು, ಚೀನದ ಚಕ್ರವರ್ತಿಯು, ರೂಮ್ ದೇಶದ ಅರಸನು, ಆಮೇಲೆ ಬಲ್ಹರಾ ಎಂದು ಆ ವೃತ್ತಾಂತವು ಎಣಿಸುತ್ತದೆ. ಬಲ್ಹರಾ ಎಂಬುದು ವಲ್ಲಭರಾಜ ಶಬ್ದದ ಅಪಭ್ರಂಶ; ಕನ್ನಡದ ಬಲ್ಲಹ ಎಂಬ ರೂಪವನ್ನು ಬಲ್ಲವರಿಗೆ ಇದು ಅಪರಿಚಿತವಾಗಿ ತೋರದು. ಬಲ್ಹರಾನಷ್ಟು ಅರಬ್ಬರನ್ನು ಪ್ರೀತಿಸುವ ಅರಸನು ಬೇರೊಬ್ಬನಿಲ್ಲವೆಂದೂ, ಪ್ರಜೆಗಳೂ ಅವನಂತೆಯೇ ಎಂದೂ, ಆ ದೇಶದ ಅರಸರು ಐವತ್ತು ವರ್ಷಗಳಷ್ಟು ದೀರ್ಘಕಾಲ ಆಳುವುದಕ್ಕೆ ಅರಬ್ಬರ ಮೇಲಣ ಈ ಪ್ರೀತಿಯೇ ಕಾರಣವೆಂದು ಅಲ್ಲಿಯ ಜನರು ನಂಬಿರುವರೆಂದೂ ಅದರಲ್ಲಿ ಹೇಳಿದೆ. ಆ ವರ್ಷ ಮಾನ್ಯಖೇಟದಲ್ಲಿ ಆಳುತ್ತಿದ್ದವನು ಅರುವತ್ತು ವರ್ಷಗಳಿಗೂ ಮಿಕ್ಕಿ ರಾಜ್ಯವಾಳಿದ ಅಮೋಘವರ್ಷ ನೃಪತುಂಗನು. ಜುರ್ಜ್ ದೇಶದ, ಎಂದರೆ ಗುರ್ಜರ ಪ್ರತೀಹಾರರ ಅರಸನ ವಿಷಯದಲ್ಲಿ ಅದೇ ವೃತ್ತಾಂತದ ಮಾತು ತದ್ವಿರುದ್ಧವಾಗಿದೆ. ಅವನ ಅಶ್ವಬಲವು ಶ್ರೇಷ್ಠವಾದುದೆಂದು ಒಪ್ಪಿಕೊಂಡು, ಇಸ್ಲಾಮಿಗೆ ಅವನಂಥ ಶತ್ರುವಿಲ್ಲವೆಂದು ಅದು ಹೇಳುತ್ತದೆ.

ಹೊಗಳಿಕೆಯು ವರ್ತಕರದು, ವರ್ತಕರು ಲಾಭವಿದ್ದಲ್ಲಿ ಹೊಗಳುವರೆಂಬ ಆಕ್ಷೇಪವು ಸಹಜವಾದುದು. ಆದುದರಿಂದ ಹೊಗಳಿಕೆಯ ಹಿಂದೆ ಯಾವ ಆಚರಣೆಯಿದ್ದಿತೆಂಬುದನ್ನು ಪರೀಕ್ಷಿಸಬೇಕು. ಕ್ರಿ. ಶ. ೯೧೫-೯೧೬ರಲ್ಲಿ ಪಶ್ಚಿಮ ತೀರದಲ್ಲಿ ಸಂಚರಿಸಿದ ಮಸೂದಿಯು, ಬಲ್ಹರಾನ ರಾಜಧಾನಿ ಮಾಂಕೀರ್ ಎಂದೂ, ಅಲ್ಲಿಯ ಭಾಷೆಯು ಕೀರಿಯಾ ಎಂದೂ, ಅವನ ರಾಜ್ಯದಲ್ಲಿ ಮುಸಲ್ಮಾನರಿಗೆ ರಕ್ಷಣೆಯೂ ಮಸೀದಿಗಳೂ ಉಂಟೆಂದೂ ಬರೆದಿರುವನು. ಸೈಮೂರ್ ಪಟ್ಟಣದಲ್ಲಿ, ಎಂದರೆ ಈಗಿನ ಚೌಲದಲ್ಲಿ, ಸೀರಾಫ್, ಒಮಾನ್, ಬಸ್ರಾ, ಬಾಗ್ದಾದುಗಳಿಂದ ಬಂದು ನೆಲಸಿದವರೂ ಅವರ ಸಂತತಿಯವರೂ ಕೂಡಿ ಸುಮಾರು ಹತ್ತು ಸಾವಿರ ಮಂದಿ ಮುಸಲ್ಮಾನರಿದ್ದರೆಂದು ಅವನ ಲೆಕ್ಕ. ಆ ತೀರವನ್ನು ಆಗ ಆಳುತ್ತಿದ್ದವನು ರಾಷ್ಟ್ರಕೂಟರ ಸಾಮಂತನಾದ ಶಿಲಾಹಾರ ಝಂಝನು. ಈ ಜನರ ವ್ಯವಹಾರಗಳನ್ನು ತೀರಿಸಲು ಅವರಲ್ಲಿಯೇ ಒಬ್ಬನು ಮುಖ್ಯಸ್ಥನಾಗಿ ನೇಮಕವಾಗುತ್ತಿದ್ದನು. ಅವನನ್ನು ಹುನರ್ಮನ್ ಎನ್ನುತ್ತಿದ್ದರು. ಬಲ್ಹರಾನ ಪಟ್ಟಣಗಳಲ್ಲಿ ಮುಸಲ್ಮಾನರ ಮೇಲೆ ಅವನ ಪರವಾಗಿ ಅಧಿಕಾರ ನಡೆಸುವವನು ಮುಸಲ್ಮಾನನೇ ಎಂದು ಹತ್ತನೆಯ ಶತಮಾನದ ಇಬ್ನ್ ಹೌಕಲನೂ ಹೇಳಿರುವನು.

ಇವೆಲ್ಲವೂ ಹೊರಗಿನವರ ಮಾತುಗಳು. ಈ ನೆಲದ್ದೇ ಆದ ಸಾಕ್ಷ್ಯವು ೧೯೫೫ರಲ್ಲಿ ದೊರೆಯಿತು. ಮಹಾರಾಷ್ಟ್ರದ ಡಹಾಣೂ ಬಳಿಯ ಚಿಂಚಣಿಯಲ್ಲಿ ಸಿಕ್ಕಿದ ತಾಮ್ರಶಾಸನಗಳಲ್ಲೊಂದು ಶಕ ೮೪೮ರದು, ಎಂದರೆ ಕ್ರಿ. ಶ. ೯೨೬ರದು, ಮೂರನೆಯ ಇಂದ್ರನ ಆಳಿಕೆಯದು. ತಾಜಿಕವಂಶದ ಮಧುಮತಿಯೆಂಬವನಿಗೆ ಇಮ್ಮಡಿ ಕೃಷ್ಣನು ಸಂಯಾನಮಂಡಲದ, ಎಂದರೆ ಸಂಜಾನ ಸೀಮೆಯ, ಅಧಿಕಾರವನ್ನು ಕೊಟ್ಟಿದ್ದನೆಂದು ಅದರಿಂದ ತಿಳಿಯುತ್ತದೆ. ಮಧುಮತಿಯೆಂಬುದು ಮಹಮ್ಮದ್ ಎಂಬ ಹೆಸರಿನ ಸಂಸ್ಕೃತರೂಪ. ಈ ತಾಜಿಕ ಅಧಿಪತಿಯು ತೊರೆ ದಾಟುವವರಿಗೆ ದೋಣಿಯನ್ನೂ, ದಾರಿಗರಿಗೆ ಅನ್ನಸತ್ರವನ್ನೂ ಏರ್ಪಡಿಸಿದನು. ಬ್ರಾಹ್ಮಣನೊಬ್ಬನು ಕಟ್ಟಿಸಿದ ಮಠಕ್ಕೂ ಅಲ್ಲಿಯ ದೇವಿಯ ನೈವೇದ್ಯಕ್ಕೂ ಅವನ ಕಾಲದಲ್ಲಿ ಭೂಮಿಯು ದತ್ತವಾಯಿತು. ಪರದೇಶದ ವಂಶದವನೊಬ್ಬನು ರಾಷ್ಟ್ರಕೂಟ ಚಕ್ರವರ್ತಿಯ ಪರವಾಗಿ, ಬೇರೆ ಮತದವರ ಪೂಜೆಗೆ, ಸಂಸ್ಕೃತಶಾಸನದ ಮೂಲಕ ರಕ್ಷಣೆಯನ್ನು ಕೊಟ್ಟನು. ಸುಲೈಮಾನನ ಹೊಗಳಿಕೆಯು ಬರಿಯ ಬಾಯುಪಚಾರವಲ್ಲವೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಪ್ರಮಾಣವು ಬೇಕಾಗಿಲ್ಲ.

೪

ಆದರೂ ಇದನ್ನು ನೀತಿಯೆಂದು ಕರೆಯಬಹುದೇ? ಸುಂಕದ ಆದಾಯಕ್ಕಾಗಿ ಮಾಡಿದ ಸೌಕರ್ಯವು ಕಾಲಕ್ರಮದಲ್ಲಿ ಕೀರ್ತಿಯನ್ನು ತಂದಿತೆನ್ನುವುದು ಸಾಲದೇ? ಆದಾಯದ ಉದ್ದೇಶವು ಇದ್ದಿತೆಂಬುದರಲ್ಲಿ ಸಂಶಯವಿಲ್ಲ. ದಕ್ಖಣದ ಸೈನ್ಯಗಳಿಗೆ ಸಮುದ್ರದಾಚೆಯ ಕುದುರೆಗಳು ಅತ್ಯಾವಶ್ಯಕವಾಗಿದ್ದುವು. ಅಶ್ವಬಲಸಂಪನ್ನರಾದ ಪ್ರತೀಹಾರರೊಡನೆ ಸೆಣಸುತ್ತಿದ್ದವರಿಗೆ ರೇವುಪಟ್ಟಣಗಳ ಸದ್ಭಾವವು ರಾಜಕೀಯದ ಬಲವೇ ಆಗಿದ್ದಿತು. ಆದರೆ ಸುಂಕವನ್ನು ಕೊಡುವವನಿಗೆ ರೇವಿನಲ್ಲಿ ಜಾಗವನ್ನು ಕೊಟ್ಟರೆ ಸಾಕು. ಅವನಿಗೆ ಅವನದೇ ನ್ಯಾಯಾಧಿಕಾರಿಯನ್ನು ಕೊಡುವುದೂ, ಒಂದು ಮಂಡಲದ ಆಳಿಕೆಯನ್ನೇ ಒಪ್ಪಿಸುವುದೂ ಸುಂಕದ ಲೆಕ್ಕಕ್ಕೆ ಮೀರಿದವು.

ಈ ಆಚರಣೆಗೆ ಹೊಂದುವ ವಿಚಾರವೂ ಅದೇ ಆಸ್ಥಾನದಲ್ಲಿ ಕಾಣಬರುತ್ತದೆ. ಅಮೋಘವರ್ಷನ ಸಭಾಸದನಾದ ಶ್ರೀವಿಜಯನಿಂದ ಒಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿ ರಚಿತವಾದ ಕವಿರಾಜಮಾರ್ಗವು ಕನ್ನಡನಾಡಿನ ಎಲ್ಲೆಯನ್ನು ಹೇಳುವ ಗ್ರಂಥವೆಂದು ಸರ್ವರಿಗೂ ತಿಳಿದಿರುವುದು. ಅದೇ ಗ್ರಂಥವು ಪರರ ವಿಚಾರವನ್ನೂ ಧರ್ಮವನ್ನೂ ಸಹಿಸಬಲ್ಲ ಗುಣವನ್ನು ಚಿನ್ನಕ್ಕೆ ಸಮನಾದ ಸಂಪತ್ತೆಂದು ಎಣಿಸಿದೆ. ಸುಲೈಮಾನನ ವೃತ್ತಾಂತವೂ ಕವಿರಾಜಮಾರ್ಗವೂ ಸರಿಸುಮಾರಾಗಿ ಸಮಕಾಲೀನವಾದುವು. ಒಂದು ಮಾನ್ಯಖೇಟದ ಒಳಗಿನ ಮಾತು, ಮತ್ತೊಂದು ಸಮುದ್ರದಾಚೆಯ ಮಾತು. ಒಂದನ್ನು ಬರೆದವರಿಗೆ ಮತ್ತೊಂದರ ಇರವೇ ತಿಳಿದಿರಲಾರದು. ಅವೆರಡೂ ಒಂದಕ್ಕೊಂದು ಹೊಂದಿಕೊಂಡಿರುವುದು ಆಕಸ್ಮಿಕವೆಂದು ತೋರುವುದಿಲ್ಲ.

ಪ್ರತೀಹಾರರು ಸಿಂಧುವಿನ ಅರಬ್ಬರನ್ನು ತಡೆಯುತ್ತಿದ್ದಾಗ ರಾಷ್ಟ್ರಕೂಟರು ಅರಬ್ಬರನ್ನು ಆದರಿಸಿದುದು ಅದೂರದೃಷ್ಟಿಯೆಂದು ಕೆಲವರು ಆಕ್ಷೇಪಿಸಿರುವರು. ಪ್ರತೀಹಾರರನ್ನು ರಾಷ್ಟ್ರಕೂಟರು ಮತ್ತೆ ಮತ್ತೆ ಬಲಗುಂದಿಸಿದುದು ನಿಜ. ಆದರೆ ಮಾನ್ಯಖೇಟದ ಸೈನ್ಯವು ಸಿಂಧುವಿನ ಸೈನ್ಯದೊಡನೆ ಕೂಡಿ ಯುದ್ಧಮಾಡಿತೆಂದು ಹೇಳುವ ಶಾಸನವಾಗಲಿ ವೃತ್ತಾಂತವಾಗಲಿ ಇಲ್ಲ. ಆದರವು ರೇವುಗಳ ವರ್ತಕರಿಗೆ ಸಂದಿತೇ ಹೊರತು ಸಿಂಧುವಿನ ದಂಡನಾಯಕರಿಗೆ ಸಂದುದಲ್ಲ. ಈ ಭೇದವನ್ನು ಮರೆತರೆ ಆ ಕಾಲದ ನೀತಿಗೆ ಅನ್ಯಾಯವಾಗುವುದು.

ಅದೇ ರೀತಿಯಾಗಿ ಈ ನೀತಿಯ ಮಿತಿಯನ್ನೂ ಮರೆಯಲಾಗದು. ಕ್ರಿ. ಶ. ೯೭೨ರಲ್ಲಿ ಪರಮಾರ ಸೀಯಕನು ಮಾನ್ಯಖೇಟವನ್ನು ಸೂರೆಗೊಂಡಾಗ ದೂರದ ಸೀರಾಫಿನ ಸದಭಿಪ್ರಾಯವು ಯಾವ ನೆರವನ್ನೂ ತರಲಿಲ್ಲ. ಮರುವರ್ಷ ಇಮ್ಮಡಿ ತೈಲಪನು ರಾಷ್ಟ್ರಕೂಟರ ಆಳಿಕೆಯನ್ನು ಕೊನೆಗಾಣಿಸಿದನು. ಪರಜನರ ಪ್ರೀತಿಯು ಕೋಟೆಯ ಬದಲಿಗೆ ನಿಲ್ಲುವುದಿಲ್ಲ. ಕೋಟೆಯು ಬಿದ್ದ ಮೇಲೆ ಆ ರಾಜ್ಯವನ್ನು ಲೋಕವು ಹೇಗೆ ನೆನೆಯುವುದೆಂಬುದನ್ನು ಮಾತ್ರ ಅದು ನಿರ್ಣಯಿಸುತ್ತದೆ.

೫

ತೈಲಪನ ವಂಶದವರು ಹನ್ನೊಂದನೆಯ ಶತಮಾನದಲ್ಲಿ ಕಲ್ಯಾಣವನ್ನು ರಾಜಧಾನಿಯನ್ನಾಗಿ ಮಾಡಿಕೊಂಡರು. ಅವರಲ್ಲಿ ಅತ್ಯಂತ ಪ್ರಸಿದ್ಧನಾದ ಆರನೆಯ ವಿಕ್ರಮಾದಿತ್ಯನು (೧೦೭೬-೧೧೨೬) ಅಣ್ಣನಾದ ಇಮ್ಮಡಿ ಸೋಮೇಶ್ವರನನ್ನು ಪದಚ್ಯುತಗೊಳಿಸಿ ಸಿಂಹಾಸನವನ್ನೇರಿದನು; ಶಕವರ್ಷವನ್ನು ಬದಿಗಿಟ್ಟು ತನ್ನ ಹೆಸರಿನ ಚಾಲುಕ್ಯ ವಿಕ್ರಮವರ್ಷವನ್ನು ಆರಂಭಿಸಿದನು. ಹೊಸ ಶಕೆಯನ್ನು ತನ್ನ ನಾಡಿನ ಶಾಸನಗಳಲ್ಲಿ ಬರೆಯಿಸುವುದು ಅವನಿಗೆ ಸುಲಭವಾಗಿದ್ದಿತು. ಆದರೆ ಧಾರೆ, ಡಾಹಳ, ಗುರ್ಜರ, ಚೋಳ ದೇಶಗಳ ಆಸ್ಥಾನಗಳಲ್ಲಿ ಅಣ್ಣನ ಪಟ್ಟವನ್ನು ಅಪಹರಿಸಿದ ತಮ್ಮನೆಂಬ ಮಾತು ಏಳದಂತೆ ಮಾಡುವುದು ಹೇಗೆ?

ಈ ಅಗತ್ಯಕ್ಕೆ ಒದಗಿದವನು ಕಾಶ್ಮೀರದ ಬಿಲ್ಹಣನು. ಶ್ರೀನಗರದ ಬಳಿಯ ಖೋನಮುಖದಲ್ಲಿ ಹುಟ್ಟಿ, ಮಥುರಾ, ಕನೌಜ, ಪ್ರಯಾಗ, ಕಾಶಿಗಳನ್ನು ಸಂದರ್ಶಿಸಿ, ಡಾಹಳದ ಕರ್ಣನ ಆಸ್ಥಾನದಲ್ಲಿದ್ದು, ಗುರ್ಜರದೇಶವನ್ನೂ ಸೋಮನಾಥವನ್ನೂ ನೋಡಿ, ದಕ್ಷಿಣದಲ್ಲಿ ಸೇತುವಿನವರೆಗೆ ಸಂಚರಿಸಿ, ಕೊನೆಗೆ ಕಲ್ಯಾಣದಲ್ಲಿ ನಿಂತವನು ಆತನು. ವಿಕ್ರಮಾದಿತ್ಯನು ಅವನಿಗೆ ವಿದ್ಯಾಪತಿಯೆಂಬ ಪದವಿಯನ್ನೂ ಛತ್ರವನ್ನೂ ಆನೆಯನ್ನೂ ಕೊಟ್ಟನು. ಅವನು ಹದಿನೆಂಟು ಸರ್ಗಗಳ ವಿಕ್ರಮಾಂಕದೇವಚರಿತವನ್ನು ಬರೆದನು. ಅದರಲ್ಲಿ ತಂದೆಯು ಯುವರಾಜಪಟ್ಟವನ್ನು ಕೊಡಹೋದಾಗ, ಅಣ್ಣನಿರುವನೆಂದು ವಿಕ್ರಮನು ನಿರಾಕರಿಸುವನು. ಅಣ್ಣನು ದುರ್ಮಾರ್ಗಿಯಾಗಿ ಶತ್ರುವಿನೊಡನೆ ಕೂಡಿದ ಮೇಲೆಯೂ ಯುದ್ಧಕ್ಕೆ ಹಿಂಜರಿಯುವನು. ಕೊನೆಗೆ ಪರಮೇಶ್ವರನ ಆಜ್ಞೆಯಿಂದಲೇ ಆಯುಧವನ್ನು ಹಿಡಿಯುವನು. ಜನಾಪವಾದಕ್ಕೆ ಆಸ್ಪದವಿದ್ದ ಪ್ರತಿಯೊಂದು ಸ್ಥಳದಲ್ಲಿಯೂ ಕವಿಯು ಉತ್ತರವನ್ನು ಮೊದಲೇ ಸಿದ್ಧಮಾಡಿಟ್ಟಿರುವನು.

ಇದು ಕರ್ಣಾಟಕಕ್ಕಾಗಿ ಬರೆದ ಕಾವ್ಯವಲ್ಲವೆಂಬುದು ಅದರ ಭಾಷೆಯಿಂದಲೇ ವ್ಯಕ್ತವಾಗುತ್ತದೆ. ಪಂಪನು ಅರಿಕೇಸರಿಯನ್ನು ಅರ್ಜುನನೊಡನೆಯೂ, ರನ್ನನು ಸತ್ಯಾಶ್ರಯನನ್ನು ಭೀಮನೊಡನೆಯೂ ಸಮೀಕರಿಸಿ ಹಾಡಿದುದು ಕನ್ನಡದಲ್ಲಿ, ಕನ್ನಡಿಗರಿಗಾಗಿ. ಬಿಲ್ಹಣನ ಶ್ರೋತೃಗಳು ಸಂಸ್ಕೃತವನ್ನು ಬಲ್ಲ ಸಮಸ್ತ ಭಾರತದ ಆಸ್ಥಾನಗಳಲ್ಲಿದ್ದರು. ಅವುಗಳಲ್ಲಿ ಅನೇಕವನ್ನು ಅವನು ಸ್ವತಃ ಕಂಡು ಬಂದವನು. ಕವಿಗಳನ್ನು ಕೆರಳಿಸಬಾರದೆಂದು ಅವನು ಅರಸರನ್ನು ಎಚ್ಚರಿಸುವನು. ರಾವಣನ ಅಪಕೀರ್ತಿಗೂ ರಾಮನ ಸತ್ಕೀರ್ತಿಗೂ ವಾಲ್ಮೀಕಿಯೇ ಕಾರಣನೆಂಬುದು ಅವನು ಕೊಡುವ ನಿದರ್ಶನ. ಅರಸನಿಗೂ ಕವಿಗೂ ನಡುವೆ ಇದ್ದ ಒಪ್ಪಂದವು ಯಾವುದೆಂಬುದನ್ನು ಇದಕ್ಕಿಂತ ಮುಚ್ಚುಮರೆಯಿಲ್ಲದೆ ಹೇಳಲಾಗದು. ಕಾವ್ಯವು ಹೊರಗೆ ಹರಡಿತೆಂಬುದಕ್ಕೂ ಪ್ರಮಾಣವುಂಟು. ೧೮೭೪ರಲ್ಲಿ ಬ್ಯೂಲರ್ ಪಂಡಿತನಿಗೆ ಅದರ ಹಸ್ತಪ್ರತಿಯು ದೊರೆತುದು ಕಲ್ಯಾಣದಲ್ಲಲ್ಲ. ರಾಜಸ್ಥಾನದ ಜೈಸಲ್ಮೇರಿನ ಜೈನಭಂಡಾರದಲ್ಲಿ.

೬

ಕಲ್ಯಾಣದ ಈ ವೈಭವವು ಬಿಲ್ಹಣನ ತಾಯ್ನಾಡಿನಲ್ಲಿ ಹೇಗೆ ತೋರಿತೆಂಬುದನ್ನು ಕಲ್ಹಣನು ಹನ್ನೆರಡನೆಯ ಶತಮಾನದ ಮಧ್ಯದಲ್ಲಿ ಬರೆದ ರಾಜತರಂಗಿಣಿಯ ಏಳನೆಯ ತರಂಗದಲ್ಲಿ ತಿಳಿಸಿರುವನು. ಅವನಿಗೆ ಕಲ್ಯಾಣದಿಂದ ಬರಬೇಕಾದುದು ಏನೂ ಇರಲಿಲ್ಲವಾದುದರಿಂದ ಅವನ ಮಾತು ಬೆಲೆಯುಳ್ಳದ್ದು. ಕಾಶ್ಮೀರದ ಹರ್ಷರಾಜನಿಗೆ (೧೦೮೯-೧೧೦೧) ದಾಕ್ಷಿಣಾತ್ಯರ ಠೀವಿಯು ಅತ್ಯಂತ ಪ್ರಿಯವಾಗಿದ್ದಿತಂತೆ. ಅವನು ಕರ್ಣಾಟಕದ ಮಾದರಿಯ ನಾಣ್ಯವನ್ನು ಟಂಕಿಸಿದನು. ಅವನ ಸಭೆಯವರು ದಪ್ಪನಾದ ಗಂಧದ ತಿಲಕವನ್ನಿಟ್ಟು, ಉದ್ದವಾದ ಕಠಾರಿಗಳನ್ನು ಧರಿಸಿ ಮೆರೆಯುತ್ತಿದ್ದರು. ಹಿಮಾಲಯದ ತಪ್ಪಲಿನಲ್ಲಿ ಕಲ್ಯಾಣದ ನಾಣ್ಯವೂ ಉಡುಗೆತೊಡುಗೆಯೂ ಅನುಕರಣೆಗೆ ವಸ್ತುವಾದುದು ಸಾಮಾನ್ಯವಾದ ಕೀರ್ತಿಯಲ್ಲ.

ಆದರೆ ಕಲ್ಹಣನು ಅಲ್ಲಿಗೇ ನಿಲ್ಲಿಸುವುದಿಲ್ಲ. ಪರ್ಮಾಂಡಿಯ, ಎಂದರೆ ಪೆರ್ಮಾಡಿ ಎಂಬ ಹೆಸರುಳ್ಳ ವಿಕ್ರಮಾದಿತ್ಯನ, ರಾಣಿಯಾದ ಚಂದಲೆಯ ಚಿತ್ರಪಟವನ್ನು ಕಂಡು ಹರ್ಷನು ಮೋಹಿತನಾದನು. ಹೊಗಳುಭಟರ ಪ್ರೇರಣೆಯಿಂದ, ಕರ್ಣಾಟರಾಜನನ್ನು ಕಿತ್ತೊಗೆದು ಅವಳನ್ನು ತರುವೆನೆಂದು ತುಂಬಿದ ಸಭೆಯಲ್ಲಿ ಪ್ರತಿಜ್ಞೆಮಾಡಿದನು. ಅಲ್ಲಿಯವರೆಗೆ ಒಂದು ಬಗೆಯ ಕರ್ಪೂರವನ್ನು ಬಿಡುವುದಾಗಿ ವ್ರತವನ್ನೂ ತೊಟ್ಟನು. ದಂಡಯಾತ್ರೆಯು ನಡೆಯಲಿಲ್ಲ, ಹೊಗಳುಭಟರು ಹಣವನ್ನು ಕಿತ್ತುಕೊಂಡರು. ಕಲ್ಹಣನು ಈ ಪ್ರಸಂಗವನ್ನು ಪರಿಹಾಸದಿಂದಲೇ ಹೇಳಿರುವನು. ಆದರೆ ಪರಿಹಾಸದ ಹಿಂದೆ ಒಂದು ಸತ್ಯವಿದೆ. ವೈಭವದ ಕೀರ್ತಿಯು ದೂರದೇಶದಲ್ಲಿ ಮೊದಲು ಅನುಕರಣೆಯನ್ನೂ, ಅದರ ಬೆನ್ನಿಗೆ ದುರಾಶೆಯನ್ನೂ ಹುಟ್ಟಿಸಿತು. ಸುಲೈಮಾನನು ವರ್ಣಿಸಿದ ಪ್ರೀತಿಗೂ ಹರ್ಷನ ಈ ಮೋಹಕ್ಕೂ ಇರುವ ಅಂತರವು ಬಹಳ. ಸೈಮೂರಿನ ವರ್ತಕನಿಗೆ ಬಲ್ಹರಾನ ರಾಜ್ಯದಲ್ಲಿ ಮನೆಯಿದ್ದಿತು, ಮಸೀದಿಯಿದ್ದಿತು, ತನ್ನವನೇ ಆದ ನ್ಯಾಯಾಧಿಕಾರಿಯಿದ್ದನು. ಶ್ರೀನಗರದ ಹರ್ಷನಿಗೆ ಕಲ್ಯಾಣದಲ್ಲಿ ಒಂದು ಚಿತ್ರಪಟದ ಹೊರತು ಏನೂ ಇರಲಿಲ್ಲ.

ಬಿಲ್ಹಣನ ವಿಷಯವಾಗಿಯೂ ಕಲ್ಹಣನು ಒಂದು ಮಾತನ್ನು ಸೇರಿಸಿರುವನು. ಕರ್ಣಾಟಕದಲ್ಲಿ ಆನೆಯ ಮೇಲೆ ಛತ್ರದ ಅಡಿಯಲ್ಲಿ ಸಂಚರಿಸುತ್ತಿದ್ದ ಆ ಕವಿಯು, ತನ್ನ ನಾಡಿನಲ್ಲಿ ಹರ್ಷನು ಕವಿಬಂಧುವೂ ತ್ಯಾಗಿಯೂ ಆಗಿರುವನೆಂದು ಕೇಳಿದಾಗ, ತನಗೆ ದೊರೆತ ಅಷ್ಟು ದೊಡ್ಡ ಐಶ್ವರ್ಯವೂ ವಂಚನೆಯೆಂದು ಬಗೆದನಂತೆ. ಇದು ನಡೆದ ಸಂಗತಿಯೋ ಕಲ್ಹಣನ ಸ್ವದೇಶಾಭಿಮಾನವೋ ಎಂಬುದು ಬೇರೆ ಮಾತು. ಪದವಿಯಿಂದ ಕೊಂಡ ಪರದೇಶಿಯ ನಾಲಗೆಯು ಕೊಂಡವನದೇ ಆಗಿ ಉಳಿಯುವುದೆಂಬ ಭರವಸೆಯಿಲ್ಲವೆಂದು ಹಿಂದಿನವರೂ ಅರಿತಿದ್ದರೆಂಬುದಕ್ಕೆ ಇದು ಸಾಕ್ಷಿಯಾಗಿದೆ.

೭

ಅದೇ ವಿಕ್ರಮಾದಿತ್ಯನ ಕಾಲದಲ್ಲಿ ಮತ್ತೊಂದು ಗ್ರಂಥವು ಹುಟ್ಟಿತು. ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಬರೆದ ಮಿತಾಕ್ಷರಾ ವ್ಯಾಖ್ಯಾನವು ರಾಜಸ್ತುತಿಗಾಗಿ ಹುಟ್ಟಿದುದಲ್ಲ. ಕಲ್ಯಾಣದಂಥ ನಗರವಿಲ್ಲ, ವಿಕ್ರಮಾಂಕನಂಥ ಅರಸನಿಲ್ಲ ಎಂಬ ಅಭಿಪ್ರಾಯದ ಮಾತುಗಳನ್ನು ಗ್ರಂಥಕಾರನು ಕೊನೆಯಲ್ಲಿ ಹೇಳಿರುವನು. ಉಳಿದುದೆಲ್ಲ ಆಚಾರ, ವ್ಯವಹಾರ, ಪ್ರಾಯಶ್ಚಿತ್ತಗಳ ವಿಚಾರ. ಆ ಗ್ರಂಥವನ್ನು ಪರನಾಡಿನವರು ಸ್ವೀಕರಿಸಿದುದು ಕಲ್ಯಾಣದ ಮೇಲಣ ಗೌರವದಿಂದಲ್ಲ. ಅಣ್ಣತಮ್ಮಂದಿರ ದಾಯಭಾಗವನ್ನು ನ್ಯಾಯವಾಗಿ ತೀರಿಸಿಕೊಳ್ಳಲು ಅದು ಅವರಿಗೆ ಉಪಯುಕ್ತವಾಗಿದ್ದುದರಿಂದ. ದಾಯಭಾಗ ಪದ್ಧತಿಯನ್ನು ಅನುಸರಿಸುವ ವಂಗದೇಶವನ್ನು ಬಿಟ್ಟರೆ ಭಾರತದ ಬಹುಭಾಗದಲ್ಲಿ ಅದು ಪ್ರಮಾಣಗ್ರಂಥವಾಯಿತು. ೧೮೧೦ರಲ್ಲಿ ಕೋಲ್‌ಬ್ರೂಕ್ ಎಂಬಾತನು ಅದರ ದಾಯವಿಭಾಗ ಪ್ರಕರಣವನ್ನು ಇಂಗ್ಲಿಷಿಗೆ ತಿರುಗಿಸಿದ ಮೇಲೆ, ಬ್ರಿಟಿಷರ ನ್ಯಾಯಸ್ಥಾನಗಳಲ್ಲಿಯೂ ಅದು ಆಧಾರವಾಯಿತು. ವಿಕ್ರಮಾದಿತ್ಯನ ಹೆಸರನ್ನು ಹೊರನಾಡಿಗೆ ಒಯ್ಯಬೇಕೆಂದು ಹೊರಟ ಕಾವ್ಯವು ಶತಮಾನಗಳ ಕಾಲ ಭಂಡಾರದಲ್ಲಿ ಮಲಗಿದ್ದಿತು. ಹಾಗೆಂದು ಹೊರಡದ ವ್ಯಾಖ್ಯಾನವು ಊರೂರಿನ ವ್ಯಾಜ್ಯಗಳಲ್ಲಿ ಬಳಕೆಯಲ್ಲಿದ್ದಿತು. ತಮ್ಮನು ಅಣ್ಣನ ರಾಜ್ಯವನ್ನು ಕಿತ್ತುಕೊಂಡ ಆಸ್ಥಾನದಿಂದಲೇ ಅಣ್ಣತಮ್ಮಂದಿರ ಪಾಲಿನ ಧರ್ಮವು ದೇಶಕ್ಕೆಲ್ಲ ಹೋದುದು ಚರಿತ್ರೆಯ ವಿಚಿತ್ರಗಳಲ್ಲೊಂದು.

ಚಾಲುಕ್ಯರ ಶಕ್ತಿಯು ಕುಗ್ಗಿ ಕ್ರಿ. ಶ. ೧೧೬೨ರ ಹೊತ್ತಿಗೆ ಕಳಚುರಿ ಬಿಜ್ಜಳನು ಕಲ್ಯಾಣದಲ್ಲಿ ನೆಲೆನಿಂತಾಗ, ಆ ನಗರದ ಕೀರ್ತಿಗೆ ಮತ್ತೊಂದು ಆಧಾರವು ದೊರೆತಿತ್ತು. ಬಸವಣ್ಣನವರ ಸುತ್ತ ನೆರೆದ ಶರಣರಲ್ಲಿ ದೂರದೇಶದವರು ಅನೇಕರಿದ್ದರೆಂದು ವೀರಶೈವ ಸಂಪ್ರದಾಯವು ಹೇಳುತ್ತದೆ. ಆದಯ್ಯನು ಸೌರಾಷ್ಟ್ರದಿಂದ ಬಂದನೆಂದೂ, ಮೋಳಿಗೆಯ ಮಾರಯ್ಯನು ಕಾಶ್ಮೀರದ ಅರಸನಾಗಿದ್ದು ರಾಜ್ಯವನ್ನು ತೊರೆದು, ಪತ್ನಿ ಮಹಾದೇವಿಯೊಡನೆ ಬಂದು, ಸೌದೆಯ ಹೊರೆಯನ್ನು ಮಾರಿ ಜೀವಿಸಿದನೆಂದೂ ಅದರ ಹೇಳಿಕೆ. ಹುಮನಾಬಾದ ತಾಲ್ಲೂಕಿನ ಮೋಳಕೇರಿಯು ಅವನ ನೆಲೆಯೆಂದು ಪ್ರಸಿದ್ಧವಾಗಿದೆ. ಈ ಕಥೆಗೆ ರಾಜತರಂಗಿಣಿಯ ಬೆಂಬಲವಿಲ್ಲವಾದುದರಿಂದ ಇದನ್ನು ಸಂಪ್ರದಾಯವೆಂದೇ ಎಣಿಸಬೇಕು. ಆದರೂ ಸಂಪ್ರದಾಯವು ಏನನ್ನು ನೆನೆಯಲು ಬಯಸಿತೆಂಬುದು ವಿಚಾರಾರ್ಹವಾಗಿದೆ. ಒಬ್ಬ ಕಾಶ್ಮೀರಕನು ಛತ್ರಕ್ಕಾಗಿ ಕಲ್ಯಾಣಕ್ಕೆ ಬಂದನು. ಇನ್ನೊಬ್ಬನು ಛತ್ರವನ್ನು ಬಿಟ್ಟು ಅದೇ ಕಲ್ಯಾಣಕ್ಕೆ ಬಂದನೆಂದು ಜನರು ನಂಬಿದರು. ಅವನನ್ನು ಸೆಳೆದುದು ಅರಸನ ವೈಭವವಲ್ಲ, ಕಾಯಕದಿಂದ ಬಾಳುವ ಒಂದು ಸಮುದಾಯದ ನಡೆ.

ಈ ನಿದರ್ಶನಗಳನ್ನು ಒಟ್ಟಾಗಿ ನೋಡಿದರೆ ಒಂದು ನಿರ್ಣಯಕ್ಕೆ ಬರಬಹುದಾಗಿದೆ. ಪರದೇಶದ ಜನಾನುರಾಗವನ್ನು ಸಂಪಾದಿಸುವ ಕಾರ್ಯವು ಕರ್ಣಾಟಕದ ರಾಜನೀತಿಗೆ ಅಪರಿಚಿತವಾಗಿರಲಿಲ್ಲ. ಹೊಗಳಿಕೆಯನ್ನು ಕೊಂಡು ಹೊರಗೆ ಕಳುಹಿಸಿದಾಗ ಅದು ಬೆರಗನ್ನೂ ಅಸೂಯೆಯನ್ನೂ ತಂದಿತು. ಹೊರಗಿನವನಿಗೆ ರಕ್ಷಣೆಯಲ್ಲಿ, ನ್ಯಾಯದಲ್ಲಿ, ಬಾಳುವೆಯಲ್ಲಿ ಒಂದು ಪಾಲನ್ನು ಕೊಟ್ಟಾಗ ಅವನು ಕೇಳದೆಯೇ ಸಾಕ್ಷಿ ನುಡಿದನು. ಮೂರನೆಯ ಗೋವಿಂದನು ಲಂಕೆಯಿಂದ ಬಂದ ಎರಡು ಪ್ರತಿಮೆಗಳನ್ನು ಶಿವಾಲಯದಲ್ಲಿ ಕೀರ್ತಿಸ್ತಂಭಗಳಂತೆ ನಿಲ್ಲಿಸಿದನೆಂದು ಅವನ ಮಗನ ಕಾಲದ ಸಂಜಾನ ಶಾಸನವು ಹೇಳುತ್ತದೆ. ಆ ಶಾಸನವು ದೊರೆತ ಸಂಜಾನದಲ್ಲಿಯೇ ತಾಜಿಕ ಮಧುಮತಿಯು ತೊರೆಗೆ ದೋಣಿಯನ್ನೂ ದಾರಿಗರಿಗೆ ಅನ್ನವನ್ನೂ ಏರ್ಪಡಿಸಿದ್ದನು. ಮಾನ್ಯಖೇಟದ ಪರರಾಷ್ಟ್ರನೀತಿಯನ್ನು ಅಳೆಯಹೊರಡುವವರು ಆ ಪ್ರತಿಮೆಗಳೊಡನೆ ಈ ದೋಣಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗಿದೆ.